ಒಂದೇ ಪೀಪಾಯಿಯ ಎಣ್ಣೆ

ಎಡಗಾಲನ್ನು ಕಳೆದುಕೊಂಡವರು ಮಣ್ಣಿನ ಬುಟ್ಟಿ ಹೊರುತ್ತಿದ್ದ ಹೆಣ್ಣುಮಗಳು. ಕೆಲಸವನ್ನೂ ಮರ್ಯಾದೆಯನ್ನೂ ಕಳೆದುಕೊಂಡವರು ಯಂತ್ರ ನಡೆಸುತ್ತಿದ್ದ ಚಾಲಕರು. ಆ ಯಂತ್ರವನ್ನು ಕೊಂಡ ಗುತ್ತಿಗೆದಾರರು, ಅದಕ್ಕೆ ಎಣ್ಣೆ ಒದಗಿಸಿದ ಅವರ ಮ್ಯಾನೇಜರರು, ಮೇಲ್ವಿಚಾರಣೆಗೆಂದು ಸಂಬಳ ಪಡೆಯುವ ಎಂಜಿನಿಯರರು ಒಂದು ಹೊತ್ತಿನ ಊಟವನ್ನೂ ಕಳೆದುಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಮುಂದೆ ನಾನು ಸಿಲಿಂಡರು, ರಬ್ಬರು, ಎಣ್ಣೆ ಎಂದು ಬರೆಯುವಾಗಲೂ ಬರೆಯುತ್ತಿರುವುದು ಮನುಷ್ಯರ ಬಗ್ಗೆ ಎಂಬುದನ್ನು ಓದುಗರು ಮರೆಯಬಾರದು.

ನಾನು ಹುಬ್ಬಳ್ಳಿಯ ಕಮರಿಪೇಟೆಯ ಒಂದು ರಿಪೇರಿ ಶೆಡ್ಡಿನ ಉಸ್ತುವಾರಿಯಲ್ಲಿರುವವನು. ಹೋದ ವರ್ಷ ದಸರೆಯ ಬನ್ನಿ ಹಬ್ಬ ಕಳೆದು ಸ್ವಲ್ಪ ದಿನಗಳಾಗಿದ್ದಾಗ ನಮ್ಮ ಶೆಡ್ಡಿಗೆ ಒಂದು ಅಗೆಯುವ ಯಂತ್ರವನ್ನು ಎಳೆದು ತಂದರು. ಮೂಲದಲ್ಲಿ ಅದು ಪರದೇಶದ ಟ್ರ್ಯಾಕ್ಟರು. ಮುಂದೆ ಮಣ್ಣು ತಳ್ಳುವ ಅಗಲವಾದ ಬಕೆಟ್ಟು, ಹಿಂದೆ ನೆಲ ಅಗೆಯುವ ಉದ್ದನೆಯ ತೋಳು. ಯಾವುದೋ ಬಂದರಿನ ಕೆಲಸದಲ್ಲಿ ಸವೆದುಹೋದ ಮೇಲೆ ಗುತ್ತಿಗೆದಾರರು ಅದನ್ನು ಹರಾಜಿನಲ್ಲಿ ಹಿಡಿದಿದ್ದರು. ಆನೆಯ ಸೊಂಡಿಲಿನಂಥ ಹಿಂದಿನ ತೋಳನ್ನು ನೋಡಿ ಕೂಲಿಯವರು ಅದಕ್ಕೆ ಸೊಂಡಿಗಾಡಿ ಎಂದು ಹೆಸರಿಟ್ಟಿದ್ದರು. ಗೋಪನಕೊಪ್ಪದ ಏರಿನಲ್ಲಿ ಕುಡಿಯುವ ನೀರಿನ ಪೈಪು ಹೂಳಲು ಕಂದಕ ತೋಡುವುದು ಅದರ ಕೆಲಸ. ಅದು ತೋಡಿದ ಕಂದಕಕ್ಕೆ ಇಳಿದು, ತಳ ಸಮಮಾಡಿ, ಸಡಿಲ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕುವುದು ಹೆಣ್ಣಾಳುಗಳ ಕೆಲಸ.

ಯಂತ್ರ ಏರಿನತ್ತ ಮುಖ ಮಾಡಿ ನಿಂತು ತನ್ನ ಹಿಂದೆ ಅಗೆಯುತ್ತದೆ. ಒಂದಿಷ್ಟು ಅಗೆದ ಮೇಲೆ ನೆಲಕ್ಕೆ ಊರಿದ ಕಬ್ಬಿಣದ ಕಾಲುಗಳನ್ನು ಎತ್ತಿ, ಒಂದು ಮಾರು ಮುಂದಕ್ಕೆ ಸರಿದು, ಮತ್ತೆ ಊರಿಕೊಳ್ಳುತ್ತದೆ. ಕಾಲು ಎತ್ತಿದಾಗಿನಿಂದ ಮತ್ತೆ ಊರುವತನಕ ಅದನ್ನು ಹಿಡಿದು ನಿಲ್ಲಿಸುವುದು ಬ್ರೇಕೊಂದೇ. ಅಂದು ಬ್ರೇಕು ಹಿಡಿಯಲಿಲ್ಲ. ಯಂತ್ರ ಹಿಂದಕ್ಕೆ ಉರುಳಿತು. ಚಾಲಕರು ಮುಂದಿನ ಬಕೆಟ್ಟನ್ನು ನೆಲಕ್ಕೆ ಬಿಟ್ಟರು. ಅದು ನೆಲ ಗೀರುತ್ತ ವೇಗವನ್ನು ತಗ್ಗಿಸಿತು, ಆದರೆ ನಿಲ್ಲಿಸಲಿಲ್ಲ. ಹಿಂದಿನ ತೋಳು ಕಂದಕದ ದಂಡೆಗೆ ಬಡಿದು ಅದನ್ನು ಎತ್ತಿಳಿಸುವ ಎಣ್ಣೆಯ ಸಿಲಿಂಡರಿನ ರಾಡು ಬಾಗಿತು. ಗಾಲಿಯ ಭಾರಕ್ಕೆ ಅಂಚು ಕಲ್ಲುಸಹಿತ ಒಳಗೆ ಕುಸಿಯಿತು. ಒಳಗಿದ್ದವರಲ್ಲಿ ಉಳಿದವರು ಹಾರಿ ಪಾರಾದರು. ಮುಗದ ಹಳ್ಳಿಯಿಂದ ಕೂಲಿಗೆ ಬಂದಿದ್ದ ಒಬ್ಬಾಕೆ ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಿದ್ದರು; ಅವರಿಗೆ ಹಾರಲಾಗಲಿಲ್ಲ.

ಯಂತ್ರದ ಜೊತೆಗೇ ಮ್ಯಾನೇಜರರು ಬಂದರು.

“ರಾಡ್ ಸೀದಾ ಮಾಡ್ರಿ, ಸೀಲ್ ಹಾಕ್ರಿ, ಲಗೂನ ಕಳಸ್ರಿ. ಬ್ರೇಕಿಗೆ ಕೈ ಹಚ್ಚಬ್ಯಾಡ್ರಿ. ಬ್ರೇಕ್ ಛಲೋ ಐತಿ.”

“ಛಲೋ ಇದ್ದ ಬ್ರೇಕು ಹಿಡೀಲಿಲ್ಲ ಯಾಕ್ರಿ?”

“ಡ್ರೈವರ್ ತೂಕಡಿಸಿದ್ದ. ಪೊಲೀಸರಿಗೂ ಅದನ್ನ ಹೇಳೇವಿ. ಬೇಕಾದ್ರ ತುಳದ ನೋಡ್ರಿ ನೀವ.”

ತುಳಿದು ನೋಡಿದೆ. ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು. ಅವರು ಗೆದ್ದವರಂತೆ ನಕ್ಕರು.

“ಖಂಡೇನವಮಿ ದಿನಾ ಎಲ್ಲಾ ಗಾಡಿಗೂ ಪೂಜಾ ಇಟ್ಟಿದ್ವಿ. ಊರ ಮಂದಿ ಬಂದ್ರು, ನೀವೊಬ್ರು ಬರಲಿಲ್ಲ. ದೇವರು ಬ್ಯಾಡ ಅನ್ನೋರ ಶೆಡ್ಡಿಗೇ ಬರೂಹಂಗ ಆತು ನೋಡ್ರಿ ಗಾಡಿ.”

ನಮ್ಮದು ಬುದ್ಧನ ದಾರಿ ಹಿಡಿದ ಕುಟುಂಬ; ಅದು ಅವರಿಗೆ ಗೊತ್ತಿತ್ತು. ನಾನು ಕಲಿತ ಶಾಲೆಯಲ್ಲಿ ಕೈಕೆಲಸ ಮತ್ತು ಪಾಠಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸಿದ್ದರು; ಕಾರಣ ಕೇಳದೆ ಒಪ್ಪಿಕೊಳ್ಳುವುದನ್ನು ಸೋಮಾರಿತನವೆಂದು ಕರೆಯುತ್ತಿದ್ದರು. ಉರುಳಿದ ಯಂತ್ರಕ್ಕೆ ಉತ್ತರ ಹೇಳಬೇಕಾದವರು ಪೂಜೆಗೆ ಬಾರದವನ ಭಕ್ತಿಯನ್ನು ಅಳೆಯತೊಡಗಿದ್ದು ನನಗೆ ಕಾರಣದಂತೆ ತೋರಲಿಲ್ಲ, ಕಾರಣವನ್ನು ಮುಚ್ಚುವ ಪರದೆಯಂತೆ ತೋರಿತು. ಆದರೂ ಪೆಡಲು ಗಟ್ಟಿಯಾಗಿದ್ದುದು ನಿಜ. ಚಾಲಕರು ನಿರಪರಾಧಿಯೆಂದು ಹೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಏನೂ ಸಿಗದಿದ್ದರೆ ಅವರು ಕೋರ್ಟಿನ ಕಟಕಟೆಗೆ ಹೋಗುತ್ತಾರೆ. ಅದೇ ಬ್ರೇಕು ಅದೇ ಏರಿಗೆ, ಅದೇ ಹೆಣ್ಣಾಳುಗಳ ನೆತ್ತಿಯ ಮೇಲಕ್ಕೆ ಹೋಗುತ್ತದೆ.

ಕೆಲಸ ರಾಡಿನಿಂದ ಆರಂಭವಾಯಿತು. ಅದನ್ನು ಲೇತಿನ ಎರಡು ಮೊನೆಗಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸುತ್ತ, ಪಕ್ಕದಲ್ಲಿ ಸೀಮೆಸುಣ್ಣದ ತುಂಡೊಂದನ್ನು ಅಲುಗದಂತೆ ಹಿಡಿದೆ. ಉಬ್ಬಿದ ಮಗ್ಗುಲು ಸುಣ್ಣಕ್ಕೆ ತಾಗಿ ಬಿಳಿ ಗುರುತು ಬಿತ್ತು. ಕಾಯಿಸಿ ಬಡಿದರೆ ಬೇಗ ನೆಟ್ಟಗಾಗುತ್ತದೆ, ಆದರೆ ಉಕ್ಕಿನ ಗಡಸು ಹೋಗುತ್ತದೆ. ಆದ್ದರಿಂದ ಹಳೆಯ ರೈಲುಕಂಬಿಯ ಚೌಕಟ್ಟಿನಲ್ಲಿಟ್ಟು, ತಣ್ಣಗಿರುವಾಗಲೇ, ಜಾಕಿನಿಂದ ಕೂದಲೆಳೆಯಷ್ಟೇ ಒತ್ತುವುದು. ತೆಗೆದು ಲೇತಿಗೆ ಹಾಕುವುದು. ಮತ್ತೆ ಸುಣ್ಣ ಹಿಡಿಯುವುದು. ಗುರುತು ಸುತ್ತಲೂ ಒಂದೇ ಸಮನಾಗಿ ಬೀಳುವತನಕ ಹೀಗೆಯೇ ನಡೆಯಿತು.

ಸಿಲಿಂಡರಿನೊಳಗೆ ಎಣ್ಣೆ ಸೋರದಂತೆ ತಡೆಯುವ ಸೀಲುಗಳು ಹರಿದುಹೋಗಿದ್ದವು. ಪರದೇಶದಿಂದ ತರಿಸಲು ಪರವಾನಗಿ ಬೇಕು. ಪರವಾನಗಿಗೆ ಕಾಯಲು ಮ್ಯಾನೇಜರರಿಗೆ ಮನಸ್ಸಿಲ್ಲ. ಚರ್ಮದಿಂದ ಮಾಡುವುದೆಂದು ತೀರ್ಮಾನಿಸಿದೆ. ಒದ್ದೆ ಚರ್ಮವನ್ನು ಮರದ ಅಚ್ಚಿನ ಮೇಲೆ ಒತ್ತಿ, ಬಟ್ಟಲಿನ ಆಕಾರ ಬರಿಸಿ, ಒಣಗಿಸಿ, ಬಿಸಿ ಮೇಣ ಮತ್ತು ಎಣ್ಣೆಯಲ್ಲಿ ಅದ್ದಿದೆ. ಮೊದಲನೆಯದು ಭಾರಕ್ಕೆ ಮಡಚಿಕೊಂಡಿತು. ಬೆನ್ನಿನ ಭಾಗದ ದಪ್ಪ ಚರ್ಮ ತಂದು ಎರಡನೆಯದನ್ನು ಮಾಡುತ್ತಿದ್ದಾಗ ಮ್ಯಾನೇಜರರು ಬಂದು ನಿಂತರು.

“ಎಷ್ಟ ಸಾಲಿ ಕಲತ್ರೂ ಅಪ್ಪನ ಕಸಬು ಕೈ ಬಿಡವಲ್ದು ನೋಡ್ರಿ!”

ನನ್ನ ತಂದೆ ಬಾವಿಯಿಂದ ನೀರೆತ್ತುವ ಚರ್ಮದ ಚೀಲಗಳನ್ನು ಹೊಲಿಯುತ್ತಿದ್ದರು. ಜಾತಿಗೆ ತಮಾಷೆಯ ಅಂಗಿ ತೊಡಿಸಿ ಮುಂದೆ ಬಿಡುವುದು ನಮ್ಮ ಊರಿನ ಸಭ್ಯರ ಹಳೆಯ ಚಾಳಿ. ಅದನ್ನೂ ನಾನು ಇಲ್ಲಿ ತಪ್ಪೆಂದೇ ದಾಖಲಿಸುತ್ತೇನೆ.

“ಹೌದ್ರಿ ಸಾಹೇಬ್ರ. ನಿಮ್ಮ ಗಾಡಿ ತೋಳು ಇನ್ನ ಮ್ಯಾಲ ಆ ಕಸಬಿನ ಮ್ಯಾಲನ ನಿಂದರೂದೈತಿ” ಎಂದೆ.

ತೋಳು ನಿಂತಿತು. ತೋಳಿನ ತುದಿಯ ಬಕೆಟ್ಟಿಗೆ ಕಲ್ಲು ತುಂಬಿ ಎತ್ತಿ, ರಾಡಿನ ಮೇಲೆ ಗೆರೆಯೆಳೆದು ಬಿಟ್ಟೆವು. ಮಧ್ಯಾಹ್ನದ ಊಟ ಮುಗಿಸಿ ಬಂದಾಗಲೂ ಗೆರೆ ಇದ್ದಲ್ಲೇ ಇತ್ತು. ಮ್ಯಾನೇಜರರ ಲೆಕ್ಕದಲ್ಲಿ ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು.

ಅಂದು ಸಂಜೆ ನಾನು ಆಸ್ಪತ್ರೆಗೆ ಹೋದೆ. ಮುಗದದ ಆ ತಾಯಿಯ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಚಾಲಕರು ತೂಕಡಿಸುತ್ತಿದ್ದರೇ ಎಂದು ಕೇಳಿದೆ.

“ಏ ಎಪ್ಪಾ, ತೂಕಡಸಾವ ಹಂಗ ಒದರತಾನೇನ್ರಿ? ‘ಏಳ್ರಬೇ, ಏಳ್ರಬೇ’ ಅಂತ ಒದರಿದ್ದ ಅಂವಾನ. ಆ ಗಾಡಿ ಹಿಂದಿನ ದಿನಾನೂ ಗೇಣುದ್ದ ಜಾರಿತ್ರಿ. ತಳದಾಗ ನಿಂತಾವ್ರಿಗೆ ಗಾಲಿ ಕಣ್ಣಮುಂದನ ಇರತೈತಿ. ಮ್ಯಾನೇಜರ್ ಸಾಹೇಬ್ರಿಗೆ ಹೇಳಿದೆ. ‘ನೀ ಗಾಡಿ ನೋಡಾಕ ಬಂದೀಯೋ, ಬುಟ್ಟಿ ಹೊರಾಕ ಬಂದೀಯೋ’ ಅಂದ್ರು.” ಆಕೆ ಹೊದಿಕೆಯ ಕೆಳಗೆ ಸಪಾಟಾಗಿದ್ದ ಜಾಗವನ್ನು ನೋಡಿದರು. “ಈಗ ಎರಡೂ ತಪ್ಪಿತು.”

ಶೆಡ್ಡಿಗೆ ಹಿಂದಿರುಗಿದಾಗ ಚಾಲಕರು ಬಾಗಿಲಲ್ಲಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವರು ಗಾಣದ ಮನೆತನದವರು. ಗಾಣ ನಿಂತ ಮೇಲೆ ಲಾರಿ, ಲಾರಿಯಿಂದ ಈ ಯಂತ್ರ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

“ತಮ್ಮಾ, ಪೆಡಲು ತಳಕ್ಕ ಹೋತೋ. ಬೆಣ್ಯಾಗ ಕಾಲ ಇಟ್ಟಂಗ ಆತು. ಗಾಡಿ ತಣ್ಣಗಾದ ಮ್ಯಾಲೆ ಮತ್ತ ಗಟ್ಟಿ ಆಗೇತಿ. ನಾ ಹೇಳಿದ್ರ ಯಾರ ನಂಬತಾರ?”

“ಅದಕ್ಕಿಂತ ಮೊದಲ ಏನರ ಫರಕ ಅನಸಿತ್ತೇನ್ರಿ ಕಾಕಾ?”

“ಹಬ್ಬ ಆದಾಗಿಂದ ಗಾಡಿ ಭಾರ ಆಗಿತ್ತು. ಯಾರೋ ಹಿಂದಿಂದ ಜಗ್ಗಿದಂಗ.”

ಬಿಸಿಯಾದಾಗ ಸೋತು, ತಣಿದಾಗ ಗಟ್ಟಿಯಾಗುವ ಬ್ರೇಕು. ಬೇಡವೆಂದಿದ್ದ ಕೆಲಸಕ್ಕೆ ನಾನು ಕೈ ಹಾಕಿದೆ.

ಇಲ್ಲಿ ಒಂದು ವಿವರಣೆ ಬೇಕು. ನಮ್ಮ ಕಡೆಯ ಟ್ರ್ಯಾಕ್ಟರುಗಳಲ್ಲಿ ಪೆಡಲು ತುಳಿದರೆ ಕಬ್ಬಿಣದ ಸಲಾಕೆ ಬ್ರೇಕನ್ನು ಎಳೆಯುತ್ತದೆ. ಎಣ್ಣೆಯ ಮಾತೇ ಇಲ್ಲ. ಈ ಯಂತ್ರದಲ್ಲಿ ಪೆಡಲು ಒಂದು ಚಿಕ್ಕ ಸಿಲಿಂಡರಿನೊಳಗಿನ ಎಣ್ಣೆಯನ್ನು ಒತ್ತುತ್ತದೆ. ಆ ಎಣ್ಣೆ ಪೈಪುಗಳಲ್ಲಿ ಹರಿದು ಗಾಲಿಯ ಬ್ರೇಕನ್ನು ಒತ್ತುತ್ತದೆ. ಒತ್ತಡ ಸೋರದಂತೆ ತಡೆಯುವುದು ಹೆಬ್ಬೆರಳಿನ ತುದಿಯಷ್ಟಿರುವ, ಬಟ್ಟಲಿನ ಆಕಾರದ ರಬ್ಬರಿನ ಕಪ್ಪುಗಳು. ತೋಳನ್ನು ಎತ್ತುವ ಎಣ್ಣೆ ಭೂಮಿಯಿಂದ ತೆಗೆದದ್ದು. ಬ್ರೇಕಿನ ಎಣ್ಣೆ ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ, ಜಾತಿಯದು. ಮೊದಲನೆಯದು ಎರಡನೆಯದರ ಜಾಗಕ್ಕೆ ಹೋದರೆ ರಬ್ಬರು ಅದನ್ನು ಕುಡಿದು ಊದಿಕೊಳ್ಳುತ್ತದೆ.

ಬ್ರೇಕಿನ ಸಿಲಿಂಡರನ್ನು ಬಿಚ್ಚಿ ಕಪ್ಪನ್ನು ಕಡ್ಡಿಯಿಂದ ಹೊರಗೆ ಜಗ್ಗಿದೆ. ಹೊರಬಂದದ್ದನ್ನು ಅದೇ ರಂಧ್ರಕ್ಕೆ ಮರಳಿ ತೂರಿಸಲು ನೋಡಿದರೆ ಹೋಗಲಿಲ್ಲ. ನೆನೆಸಿದ ಕಡಲೆಯಂತೆ ಉಬ್ಬಿತ್ತು. ಅಂಚು ಮೆತ್ತಗಾಗಿ ಒಂದು ಕಡೆ ಮಡಚಿತ್ತು. ಎಣ್ಣೆ ಹಿಂದಿರುಗುವ ಸಣ್ಣ ತೂತನ್ನು ಉಬ್ಬಿದ ಕಪ್ಪು ಮುಚ್ಚಿದೆ, ಬ್ರೇಕು ಬಿಡದೆ ಉಜ್ಜುತ್ತಲೇ ಇದೆ, ಉಜ್ಜಿ ಕಾದಿದೆ, ಕಾದಾಗ ಕಪ್ಪಿನ ಅಂಚು ಮಡಚಿ ಪೆಡಲು ತಳಕ್ಕೆ ಹೋಗಿದೆ, ತಣಿದಾಗ ಉಬ್ಬು ಮತ್ತೆ ರಂಧ್ರವನ್ನು ಬಿಗಿದು ಪೆಡಲು ಗಟ್ಟಿಯಾಗಿದೆ. ಬೆರಳಿಗೆ ಅಂಟಿದ್ದ ಎಣ್ಣೆಯನ್ನು ಮೂಸಿದೆ. ತೋಳಿನ ಎಣ್ಣೆಯ ವಾಸನೆಯೇ.

ಕಾಕಾ ನೆಲಕ್ಕೆ ಕುಸಿದು ಕೂತರು.

“ನಾನ ಹಾಕೀನಿ ಅದನ್ನ.”

ಗಾಣದ ಮನೆಗಳಲ್ಲಿ ಒಂದು ರೂಢಿಯಿದೆಯಂತೆ: ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಎಣ್ಣೆಯ ಯಾವ ಬಟ್ಟಲೂ ಒಣಗಿರಬಾರದು, ಅರೆಯಾಗಿಯೂ ಇರಬಾರದು. ಹಬ್ಬದ ಬೆಳಿಗ್ಗೆ ಅವರು ಯಂತ್ರವನ್ನು ತೊಳೆದು, ಕುಂಕುಮ ಹಚ್ಚಿ, ಮುಚ್ಚಳವಿದ್ದ ಎಲ್ಲ ಬಟ್ಟಲುಗಳನ್ನೂ ಅಂಚಿನವರೆಗೆ ತುಂಬಿದ್ದರು.

“ಮ್ಯಾನೇಜರ್ರಿಗೆ ಕೇಳಿದೆ ತಮ್ಮಾ, ‘ಇದಕ್ಕ ಬ್ಯಾರೆ ಎಣ್ಣಿ ಐತೇನ್ರಿ’ ಅಂತ. ‘ಎಣ್ಣಿ ಅಂದ್ರ ಎಣ್ಣಿ. ಪೀಪಾಯಿ ಐತಲ್ಲ, ಹಾಕು’ ಅಂದ್ರು. ಹಾಕಿದೆ. ದೇವರ ಕೆಲಸಾ ಮಾಡಾಕ ಹೋಗಿ ಒಬ್ಬಾಕಿ ಕಾಲ ತಿಂದೆ ನಾ.”

ಅವರನ್ನು ಸಮಾಧಾನದ ಮಾತಿನಿಂದ ಎಬ್ಬಿಸುವುದು ಸಾಧ್ಯವಿರಲಿಲ್ಲ. ಸೈಕಲ್ಲಿನ ವಾಲ್ವ್ ಟ್ಯೂಬಿನ ಎರಡು ತುಂಡುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದೆ. ಒಂದನ್ನು ಮ್ಯಾನೇಜರರ ಪೀಪಾಯಿಯ ಎಣ್ಣೆಯಲ್ಲಿ, ಇನ್ನೊಂದನ್ನು ಲಾರಿ ಗ್ಯಾರೇಜಿನಿಂದ ತಂದ ಬ್ರೇಕ್ ಎಣ್ಣೆಯಲ್ಲಿ ಹಾಕಿಟ್ಟೆ. ಮರುದಿನ ಕಾಕಾನ ಅಂಗೈಯಲ್ಲಿ ಎರಡನ್ನೂ ಇಟ್ಟೆ. ಒಂದು ಇದ್ದಂತೆಯೇ ಇತ್ತು. ಇನ್ನೊಂದು ಎರೆಹುಳುವಿನಂತೆ ಬೆಳೆದು ಮೆತ್ತಗಾಗಿತ್ತು.

“ಇದು ನಿಮಗ ಯಾರರ ಮೊದಲ ತೋರಿಸಿದ್ರೇನ್ರಿ?”

“ಇಲ್ಲ.”

“ಬ್ರೇಕಿನ ಮುಚ್ಚಳದ ಮ್ಯಾಲೆ ಯಾವ ಎಣ್ಣಿ ಅಂತ ಬರದೈತಿ.”

“ಇಂಗ್ಲೀಷನ್ಯಾಗ ಐತಲ್ಲೋ ಅದು.”

ಹೌದು, ಇಂಗ್ಲಿಷಿನಲ್ಲಿತ್ತು. ಯಂತ್ರದ ಕೈಪಿಡಿಯೂ ಇತ್ತು, ಮ್ಯಾನೇಜರರ ಕಪಾಟಿನಲ್ಲಿ, ಬೀಗದೊಳಗೆ. ಅದನ್ನು ಓದಬಲ್ಲವರು ಅದನ್ನು ತೆರೆಯಲಿಲ್ಲ. ಯಂತ್ರವನ್ನು ಮುಟ್ಟುವವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಪೂಜೆಗೆ ಹೋಗದ ನಾನೇ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ: ತಪ್ಪು ಪೂಜೆಯದಲ್ಲ. ಹಬ್ಬದ ದಿನ ಯಂತ್ರದ ಬಟ್ಟಲು ತುಂಬಿಸುವ ಕೈಯಲ್ಲಿ ಆ ಯಂತ್ರದ ಬಗ್ಗೆ ಇದ್ದ ಕಾಳಜಿ, ಒಂದು ಡಬ್ಬಿ ಬ್ರೇಕ್ ಎಣ್ಣೆ ಕೊಳ್ಳದೆ ಉಳಿಸಿದವರ ಕೈಯಲ್ಲಿ ಇರಲಿಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟದ್ದು ತಪ್ಪು. ಆ ಸುಳ್ಳನ್ನು ಮುಚ್ಚಲು ತೂಕಡಿಕೆಯ ಕಥೆ ಕಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು.

ಗ್ಯಾರೇಜಿನಿಂದಲೇ ಅದೇ ಅಳತೆಯ ಕೆಲವು ಕಪ್ಪುಗಳು ಸಿಕ್ಕವು. ಹಾಕಿದೆ, ಪೈಪುಗಳಿಗೆ ಗಾಳಿ ಊದಿ ಹಳೆಯ ಎಣ್ಣೆ ತೆಗೆದೆ, ಹೊಸ ಎಣ್ಣೆ ತುಂಬಿ, ಒಳಗಿದ್ದ ಗಾಳಿಯ ಗುಳ್ಳೆಗಳನ್ನು ಹೊರಡಿಸಿದೆ. ಗಾಲಿ ಸಲೀಸಾಗಿ ತಿರುಗಿತು. ಮರುದಿನ ಕೈಯಿಂದ ತಿರುಗಿಸಿದರೆ ಮತ್ತೆ ಬಿಗಿ. ಬಿಚ್ಚಿದೆ. ಹೊಸ ಕಪ್ಪುಗಳೂ ಊದತೊಡಗಿದ್ದವು. ಪೈಪಿನ ಒಳಮೈಗೆ, ತಿರುವುಗಳಿಗೆ ಅಂಟಿಕೊಂಡಿದ್ದ ಎಣ್ಣೆ ಗಾಳಿಗೆ ಹೋಗಿರಲಿಲ್ಲ. ಗ್ಯಾರೇಜಿನವರು ಕೊಟ್ಟದ್ದರಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟು ಕಪ್ಪುಗಳು ಮಾತ್ರ ಉಳಿದಿದ್ದವು.

ಅದೇ ಹೊತ್ತಿಗೆ ಹೊರಗೆ ಲಾರಿಯ ಸದ್ದು. ಮ್ಯಾನೇಜರರು ಯಂತ್ರ ಒಯ್ಯಲು ಬಂದಿದ್ದರು.

“ಬಾಗಲಾ ತಗೀರಿ. ರಾಡ್ ಆಗೇತಿ ಅಂತ ಕೇಳೇನಿ.”

“ಬ್ರೇಕ್ ಆಗಿಲ್ರಿ.”

“ಬ್ರೇಕ್ ಯಾರ ಮಾಡಂದ್ರು ನಿಮಗ? ಮಾಲಕರಿಗೆ ಹೇಳಿ ಶೆಡ್ಡಿನ ಎಲ್ಲಾ ಕೆಲಸಾ ನಿಂದರಸ್ತೇನಿ ನೋಡ್ರಿ.”

ಅದು ಬರಿಯ ಬೆದರಿಕೆಯಾಗಿರಲಿಲ್ಲ. ಶೆಡ್ಡಿಗೆ ಬರುವ ಕೆಲಸದ ಬಹುಪಾಲು ಆ ಗುತ್ತಿಗೆದಾರರದೇ. ಊದತೊಡಗಿದ ಕಪ್ಪುಗಳನ್ನೇ ಜೋಡಿಸಿ ಕಳಿಸಿದ್ದರೆ ಬ್ರೇಕು ಇಂದು ಹಿಡಿಯುತ್ತಿತ್ತು, ನಾಳೆಯೂ ಹಿಡಿಯುತ್ತಿತ್ತು; ಆಮೇಲೆ ಏರಿನಲ್ಲಿ ಮತ್ತೆ ಕೈಕೊಡುತ್ತಿತ್ತು. ನಾನು ಯಂತ್ರದ ಕೆಳಗೆ ಹೋಗಿ ಬ್ರೇಕಿನ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಅವರ ಬೂಟಿನ ಮುಂದೆ ಹಾಸಿದೆ.

“ಈಗ ಒಯ್ರಿ.”

ಅವರು ಪೈಪುಗಳನ್ನೂ ನನ್ನನ್ನೂ ನೋಡಿ ಲಾರಿಯನ್ನು ತಿರುಗಿಸಿದರು.

ಪೈಪಿನೊಳಗಿನ ಎಣ್ಣೆಯನ್ನು ರಬ್ಬರಿಗೆ ಕೇಡಾಗದಂತೆ ತೊಳೆಯಲು ಸ್ಪಿರಿಟ್ ಬೇಕು. ಪಾನನಿಷೇಧವಿರುವ ನಮ್ಮ ಜಿಲ್ಲೆಯಲ್ಲಿ ಸ್ಪಿರಿಟ್ ಕೇಳುವವನನ್ನು ಜನ ಒಂದು ಬಗೆಯಾಗಿ ನೋಡುತ್ತಾರೆ. ನಮ್ಮ ಓಣಿಯಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುವ ಬಡಿಗರೊಬ್ಬರ ಹತ್ತಿರ ಪರವಾನಗಿಯ ಸ್ಪಿರಿಟ್ ಇತ್ತು.

“ನಿಮ್ಮ ಬ್ರೇಕಿಗೆ ಕುಡಸಿ ನನ್ನ ಲೈಸೆನ್ಸ್ ಕಳೀಬ್ಯಾಡ್ರಿ ಮತ್ತ” ಎಂದರು ಅವರು.

“ಇದು ಕುಡದ ಮ್ಯಾಲನ ನೆಟ್ಟಗ ನಿಂದರತೈತ್ರಿ, ನಮ್ಮ ಮಂದಿಹಂಗಲ್ಲ” ಎಂದರು ಕಾಕಾ. ಆ ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಪ್ರತಿ ಪೈಪನ್ನೂ ಸ್ಪಿರಿಟ್ಟಿನಲ್ಲಿ ತೊಳೆದೆವು. ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕಿಸಿ, ಆರಿದ ಮೇಲೆ ಜಿಡ್ಡಿನ ಕಲೆ ಉಳಿಯದಂತಾಗುವವರೆಗೂ ತೊಳೆದೆವು. ಎಣ್ಣೆ ಕುಡಿದಿದ್ದ ಬ್ರೇಕಿನ ಪಟ್ಟಿಗಳನ್ನು ಕಿತ್ತು ಹೊಸದನ್ನು ಬಡಿದೆವು. ಉಳಿದಿದ್ದ ಕಪ್ಪುಗಳನ್ನು ಕೊನೆಗೆ ಹಾಕಿದೆವು. ಮರುದಿನವೂ ಅದರ ಮರುದಿನವೂ ಗಾಲಿ ಸಲೀಸಾಗಿ ತಿರುಗಿತು.

ಗೋಪನಕೊಪ್ಪಕ್ಕೆ ಯಂತ್ರದೊಂದಿಗೆ ನಾನೂ ಹೋದೆ. ಕಾಕಾ ಕರೆಯದೆಯೇ ಬಂದರು. ಏರಿನ ಮೇಲೆ ಎಂಜಿನಿಯರರು ಕೊಡೆ ಹಿಡಿದು ನಿಂತಿದ್ದರು. ಹೆಣ್ಣಾಳುಗಳು ಬುಟ್ಟಿಗಳನ್ನು ಬೋರಲು ಹಾಕಿ ಅಂಚಿನಲ್ಲಿ ಗುಂಪುಗೂಡಿದ್ದರು.

“ಇಳೀರಿ, ಕೆಲಸಾ ಸುರು ಆಗಲಿ” ಎಂದರು ಮ್ಯಾನೇಜರರು. ಯಾರೂ ಅಲುಗಲಿಲ್ಲ.

“ಏರಿನ ಮ್ಯಾಲೆ ಬ್ರೇಕು ಇನ್ನೂ ಪರೀಕ್ಷಾ ಆಗಿಲ್ರಿ” ಎಂದೆ. “ಆಗೂತನಕ ಯಾರೂ ಇಳೀಬಾರದು.”

“ಬ್ರೇಕ್ ಮೊದಲೂ ಛಲೋ ಇತ್ತು, ಈಗೂ ಛಲೋ ಐತಿ.”

“ಹಂಗಾರ ನೀವ ಇಳದ ನಿಂದರ್ರಿ ಸಾಹೇಬ್ರ. ನಾವು ಗಾಡಿ ಮ್ಯಾಲ ತರತೇವಿ.”

“ನನಗೇನ ಹುಚ್ಚ ಹಿಡದೈತೇನ್ರಿ?”

ಗುಂಪಿನೊಳಗಿಂದ ಒಬ್ಬಾಕೆಯ ದನಿ ಬಂತು: “ಅಂದ್ರ ನಮಗ ಹಿಡದೈತಿ ಅಂತ ಕೂಲಿ ಕೊಡತೀರೇನ್ರಿ?”

ನಗೆ ಎದ್ದು ಹಾಗೆಯೇ ಆರಿಹೋಯಿತು. ಕಾಕಾ ಮುಂದೆ ಬಂದು ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಅವರು ಏನು ಹೇಳಲಿದ್ದಾರೆಂದು ನನಗೆ ತಿಳಿದಿತ್ತು, ತಡೆಯಬೇಕೆನಿಸಿತು, ತಡೆಯಲಿಲ್ಲ.

“ಅವ್ವಗೋಳ್ರ್ಯಾ, ಹಬ್ಬದ ದಿನಾ ಬ್ರೇಕಿನ್ಯಾಗ ತಪ್ಪ ಎಣ್ಣಿ ಹಾಕಿದಾಂವ ನಾನ. ಕೇಳಿ ಹಾಕಿದೆ. ಈ ಸಾಹೇಬ್ರು ಹಾಕು ಅಂದ್ರು. ನಾ ತೂಕಡಿಸಿಲ್ಲ. ಎಣ್ಣಿ ಹಾಕಿದ್ದು ಖರೆ, ತೂಕಡಿಸಿದ್ದು ಸುಳ್ಳು.”

ಎಂಜಿನಿಯರರು ಊದಿದ ಕಪ್ಪನ್ನು ನನ್ನಿಂದ ಇಸಿದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. “ಪರೀಕ್ಷೆ ಆಗಲಿ” ಎಂದರು.

ಕಂದಕ ಖಾಲಿಯಿತ್ತು. ಕಾಕಾ ಹತ್ತಿ ಕೂತರು. ಏರಿನಲ್ಲಿ ಮೇಲಕ್ಕೂ ಕೆಳಕ್ಕೂ ಹಲವು ಸಲ ನಡೆಸಿ ಬ್ರೇಕನ್ನು ಬೇಕೆಂದೇ ಕಾಯಿಸಿದರು. ಕೊನೆಗೆ ಅಂಚಿಗೆ ಹಿಂಬದಿ ಮಾಡಿ ನಿಲ್ಲಿಸಿ, ಕಬ್ಬಿಣದ ಕಾಲುಗಳನ್ನೂ ಮುಂದಿನ ಬಕೆಟ್ಟನ್ನೂ ಎತ್ತಿದರು. ಈಗ ಅದನ್ನು ಹಿಡಿದಿದ್ದದ್ದು ಅವರ ಬಲಗಾಲೊಂದೇ. ನಾನು ಗಾಲಿಯ ಮೇಲೂ ನೆಲದ ಮೇಲೂ ಸುಣ್ಣದ ಗೆರೆಯೆಳೆದು ಬಗ್ಗಿ ನೋಡುತ್ತ ನಿಂತೆ. ಹೆಣ್ಣಾಳುಗಳೂ ಬಗ್ಗಿದರು. ಗೆರೆಗೆ ಗೆರೆ ಕೂಡಿಯೇ ಇತ್ತು. ಕಾಕಾನ ತೊಡೆ ನಡುಗತೊಡಗಿತು, ಗಾಲಿ ಕದಲಲಿಲ್ಲ. “ಸಾಕ ಬಿಡೋ ಎಪ್ಪಾ, ಕಾಲ ಸೋತಾವು” ಎಂದು ಹಿರಿಯಳೊಬ್ಬಳು ಕೂಗಿದಾಗಲೇ ಅವರು ಕಾಲುಗಳನ್ನು ಊರಿಸಿದರು.

ಮರುದಿನ ಯಂತ್ರದ ಕುರ್ಚಿಯ ಮೇಲೆ ಬೇರೊಬ್ಬ ಚಾಲಕ ಕೂತಿದ್ದ. ನಾನು ಎಂಜಿನಿಯರರ ಕಚೇರಿಗೆ ಹೋದೆ. “ನೀವು ಹೇಳೂದು ಖರೆ ಐತ್ರಿ” ಎಂದರು ಅವರು. “ಆದ್ರ ಡ್ರೈವರನ ತಪ್ಪು ಅಂತ ಬರವಣಿಗಿ ಆಗಿಹೋಗೇತಿ.” ಸತ್ಯವನ್ನು ಒಪ್ಪಿಕೊಂಡೂ ಬರೆದ ಸುಳ್ಳನ್ನು ಅಳಿಸಲಾರೆನೆನ್ನುವ ಈ ಸಭ್ಯತೆಯನ್ನು ನಾನು ಎಲ್ಲ ತಪ್ಪುಗಳಿಗಿಂತ ಮೇಲಿನ ತಪ್ಪೆಂದು ಕರೆಯುತ್ತೇನೆ. ಇಂದಿಗೂ ಕಾಕಾ ಕೋರ್ಟಿನ ತಾರೀಕಿಗೆ ಅಲೆಯುತ್ತಿದ್ದಾರೆ. ಮುಗದದ ಆ ತಾಯಿ ಊರುಗೋಲು ಹಿಡಿದು ಹೊಸ್ತಿಲವರೆಗೆ ಬರುತ್ತಾರೆ.

ಆದ್ದರಿಂದ ಗುತ್ತಿಗೆದಾರರಿಗೆ, ಅವರ ಮ್ಯಾನೇಜರರಿಗೆ, ಎಂಜಿನಿಯರರಿಗೆ ಹೆಸರು ಹಿಡಿಯದೆ, ಆದರೆ ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದೇನೆ. ಚಾಲಕರು ತೂಕಡಿಸಿದರೆಂಬ ಹೇಳಿಕೆಯನ್ನು ಕೊಟ್ಟ ಕಡೆಯಲ್ಲೇ ಹೋಗಿ ಹಿಂತೆಗೆದುಕೊಳ್ಳಿರಿ. ಬ್ರೇಕಿನ ಮುಚ್ಚಳದ ಮೇಲೆ, ಅದಕ್ಕೆ ಬೇರೆ ಎಣ್ಣೆಯೆಂದು ಕನ್ನಡದಲ್ಲಿ ಬರೆಯಿಸಿರಿ, ಆ ಎಣ್ಣೆಯನ್ನು ಕೊಳ್ಳಿರಿ. ಕಂದಕದೊಳಗೆ ಇಳಿಯುವ ಹೆಣ್ಣಾಳುಗಳಲ್ಲಿ ಒಬ್ಬಾಕೆಯ ಕೊರಳಿಗೆ ನಾಳೆಯಿಂದಲೇ ಒಂದು ಸೀಟಿ ಕಟ್ಟಿರಿ. ಆಕೆ ಊದಿದ ಕೂಡಲೇ ಯಂತ್ರ ನಿಲ್ಲಬೇಕು. ಯಾಕೆ ಊದಿದೆ ಎಂದು ಕೇಳುವುದು ಆಮೇಲೆ.